ಏಳನೆಯ ಗುಳಿಯ ನಾಲ್ಕನೆಯ ಬೀಜ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಇಷ್ಟು ಸರಿಯಾಗಿ ಹೇಳಬಲ್ಲೆ, ಏಕೆಂದರೆ ಇನ್ಸ್‌ಪೆಕ್ಟರು ತಮ್ಮ ಜೇಬುಗಡಿಯಾರವನ್ನು ಸರಪಳಿಯ ಸಮೇತ ಬಿಚ್ಚಿ ನನ್ನ ಮುಂದಿನ ಮೇಜಿನ ಮೇಲೆ ಇಟ್ಟಿದ್ದರು. ಒಂದೊಂದು ಮಗುವಿಗೆ ಎರಡೆರಡು ನಿಮಿಷ. ಅಷ್ಟರಲ್ಲಿ ಒಂದು ಶ್ಲೋಕ, ಅಕ್ಷರಮಾಲೆ, ಎರಡರ ಮಗ್ಗಿ ಆಗಬೇಕು. ಹದಿನೆಂಟನೆಯ ಮಗು ಮಗ್ಗಿಯಲ್ಲಿದ್ದಾಗ ಹಿಂದಿನ ಸಾಲಿನಲ್ಲಿ ಇಬ್ಬರು ಒಂದು ಸ್ಲೇಟಿಗಾಗಿ ಕಿತ್ತಾಡಿದರು. ಇನ್ಸ್‌ಪೆಕ್ಟರು ರೂಲುದೊಣ್ಣೆ ಎತ್ತಿ ಮೇಜಿಗೆ ಒಂದು ಏಟು ಕೊಟ್ಟು ಗದರಿದರು. ಕೆಟ್ಟ ಮನುಷ್ಯರಲ್ಲ, ದನಿ ಮಾತ್ರ ದೊಡ್ಡದು. ಇಬ್ಬರೂ ಸ್ಲೇಟು ಬಿಟ್ಟು ಕೂತರು. ನಾನು ಗಡಿಯಾರದ ಕಡೆ ನೋಡಿದೆ.

ಆ ಏಟಿನ ಸದ್ದು ಗೋಡೆಯ ಆಚೆಗಿನ ಅಡಿಗೆಮನೆಯಲ್ಲಿ ಕೂತಿದ್ದ ಒಂದು ಮಗುವಿಗೆ ಕೇಳಿಸಿತು. ಅದು ನನಗೆ ಗೊತ್ತಾದದ್ದು ಆಮೇಲೆ.

ಯುದ್ಧದ ವರ್ಷಗಳು ಅವು. ಮದ್ದೂರಿನಲ್ಲಿ ಮಹಿಳೆಯರ ಒಂದು ಸಮಿತಿ ನಡೆಸುತ್ತಿದ್ದ ಶಿಶುವಿಹಾರಕ್ಕೆ ನಾನು ಉಪಾಧ್ಯಾಯಿನಿ. ಮಂಡ್ಯದಿಂದ ಬೆಳಗಿನ ರೈಲಿನಲ್ಲಿ ಬಂದು ಸಂಜೆಯ ರೈಲಿನಲ್ಲಿ ಹಿಂತಿರುಗುತ್ತಿದ್ದೆ. ನನ್ನ ಜೊತೆಗಿದ್ದವಳು ಒಬ್ಬಳೇ ಆಯಮ್ಮ, ಮದ್ದೂರಿನವಳೇ. ಮಕ್ಕಳು ಇಪ್ಪತ್ತೊಂಬತ್ತು. ಶಾಲೆ ಇದ್ದದ್ದು ಒಬ್ಬ ಜಮೀನುದಾರರ ಮನೆಯ ಹಿಂಭಾಗದ ಎರಡು ಅಂಕಣಗಳಲ್ಲಿ. ಅಡಿಗೆಮನೆಯ ಬಾಗಿಲು ತೆರೆದರೆ ಅವರ ಹಿತ್ತಿಲು. ಹಿತ್ತಿಲಲ್ಲಿ ಒಂದು ಹಗೇವು. ರಾಗಿಯನ್ನು ನೆಲದೊಳಗೆ ತುಂಬಿಡುವ ಆ ಗುಂಡಿಗೆ ಒಬ್ಬ ಆಳು ಇಳಿಯುವಷ್ಟೇ ಬಾಯಿ, ಒಳಗೆ ಮಡಕೆಯ ಹಾಗೆ ಹೊಟ್ಟೆ. ಸರ್ಕಾರಕ್ಕೆ ಲೆವಿ ಧಾನ್ಯ ಕೊಡಬೇಕಾಗಿದ್ದರಿಂದ ಎರಡು ದಿನಗಳಿಂದ ಅದರ ಚಪ್ಪಡಿ ತೆಗೆದು ರಾಗಿ ಎತ್ತುತ್ತಿದ್ದರು. ಇನ್ಸ್‌ಪೆಕ್ಟರು ಬರುವ ದಿನವಾದ್ದರಿಂದ ಹಿತ್ತಿಲ ಬಾಗಿಲಿಗೆ ಅಗಳಿ ಹಾಕಿರಬೇಕೆಂದು ನಾನೇ ಹೇಳಿದ್ದೆ.

ಅಡಿಗೆಮನೆಯಲ್ಲಿದ್ದ ಆ ಮಗುವಿಗೆ ಐದು ವರ್ಷ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈಗಲೂ ಅದೇ ಊರಿನಲ್ಲಿದ್ದಾಳೆ. ಅವಳು ಮಾತನಾಡುತ್ತಿರಲಿಲ್ಲ. ಕಿವಿ ಚುರುಕಾಗಿತ್ತು, ಹೇಳಿದ್ದೆಲ್ಲ ತಿಳಿಯುತ್ತಿತ್ತು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ತಾಯಿ ನಾಲ್ಕು ಮನೆಗಳಲ್ಲಿ ರಾಗಿ ಬೀಸುವವಳು. ಗಂಡ ತೀರಿಕೊಂಡ ಮೇಲೆ ಮಳವಳ್ಳಿ ಕಡೆಯ ಊರಿನಿಂದ ಮಗುವನ್ನು ಕಟ್ಟಿಕೊಂಡು ಮದ್ದೂರಿಗೆ ಬಂದಿದ್ದಳು. ಮಗುವನ್ನು ಸೇರಿಸಿದ ದಿನ ಅವಳು ಹೇಳಿದ್ದು ಇಷ್ಟು: "ಭಾವದೀರು ಪಾಲಿನ ಜಗಳ ತೆಗುದ್ರು ಕಣವ್ವ. ದೊಣ್ಣೆ ಇಡ್ಕಂಡು ಬಂದ್ರು. ಇದು ರಾಗಿ ವಾಡೆ ಇಂದೆ ಅವಿತ್ಕಂತು. ಅವತ್ತಿಂದ ಬಾಯಿ ಬುಡಾಕಿಲ್ಲ."

ನನ್ನ ಹತ್ತಿರ ಒಂದು ನೋಟುಪುಸ್ತಕವಿತ್ತು. ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುವಾಗ ಹಿಡಿದ ಗೀಳು ಅದು. ಪ್ರತಿ ಮಗುವಿಗೂ ಒಂದು ಪುಟ, ಪುಟದಲ್ಲಿ ಐದು ಪ್ರಶ್ನೆ. ತಾಯಿ ಬಿಟ್ಟು ಹೋದ ಮೇಲೆ ಎಷ್ಟು ಹೊತ್ತು ಅಳುತ್ತದೆ? ಯಾರ ಪಕ್ಕದಲ್ಲಿ ಹೋಗಿ ಕೂರುತ್ತದೆ? ಕೈಯಲ್ಲಿದ್ದದ್ದನ್ನು ಯಾರಾದರೂ ಕಿತ್ತುಕೊಂಡರೆ ಏನು ಮಾಡುತ್ತದೆ? ಹೆದರಿದರೆ ಎಲ್ಲಿಗೆ ಹೋಗುತ್ತದೆ? ಏನು ಮಾಡಿದರೆ ಸಮಾಧಾನವಾಗುತ್ತದೆ? ದಿನಕ್ಕೆ ಇಬ್ಬರು ಮಕ್ಕಳನ್ನು ಹತ್ತು ಹತ್ತು ನಿಮಿಷ ಸುಮ್ಮನೆ ನೋಡಬೇಕು. ಕಂಡದ್ದನ್ನು ಬರೆಯಬೇಕು. 'ಹಟಮಾರಿ', 'ಮಂಕು', 'ಒಳ್ಳೆಯ ಹುಡುಗ' ಎಂಬ ಪದಗಳು ಬರಕೂಡದು. ರೈಲು ಮದ್ದೂರು ಬಿಟ್ಟ ಮೇಲೆ ಹನಕೆರೆ ನಿಲ್ದಾಣ ಬರುವಷ್ಟರಲ್ಲಿ ಆ ದಿನದ ಎರಡು ಪುಟ ತುಂಬಿಸುತ್ತಿದ್ದೆ. ರೈಲಿನ ಕುಲುಕಾಟಕ್ಕೆ ನನ್ನ ಅಕ್ಷರ ನನಗೇ ಓದಲು ಕಷ್ಟವಾಗುತ್ತಿತ್ತು.

ಅಕ್ಷರ, ಮಗ್ಗಿ, ಶುಚಿಗಳ ಜೊತೆಗೆ ಈ ಪುಟವನ್ನೂ ಮಗುವಿನ ಪ್ರಗತಿ ಎಂದು ಒಪ್ಪಬೇಕು ಎಂದು ಸಮಿತಿಯನ್ನು ನಾನು ಎರಡು ಸಲ ಕೇಳಿದ್ದೆ. ಕಾರ್ಯದರ್ಶಿಗಳು ವಕೀಲರೊಬ್ಬರ ಪತ್ನಿ, ಶಾಲೆಗಾಗಿ ಊರೂರು ಅಲೆದು ಚಂದಾ ಎತ್ತಿದವರು. ಅವರು ನಕ್ಕುಬಿಟ್ಟಿದ್ದರು. "ಯಾವ ಮಗು ಎಷ್ಟು ಅತ್ತಿತು ಅಂತ ಬರೆಯೋಕೆ ಬಿ.ಎ. ಬೇಕಾಮ್ಮ? ಅದನ್ನ ನಮ್ಮನೆ ಅಡಿಗೆಯಾಕೆಯೂ ಹೇಳ್ತಾಳೆ."

ಅದೇ ಕಾರ್ಯದರ್ಶಿಗಳು ತಪಾಸಣೆಯ ಹಿಂದಿನ ದಿನ ಬಂದು, ಮಾತನಾಡದ ಮಗುವನ್ನು ಮುಂದೆ ಕೂರಿಸಬೇಡ, ಶಾಲೆಗೇ ಕೆಟ್ಟ ಹೆಸರು ಬರುತ್ತದೆ, ಅಡಿಗೆಮನೆಯಲ್ಲಿ ಆಯಮ್ಮನ ಜೊತೆಗಿರಲಿ ಎಂದರು. ನಮ್ಮ ಹಾಜರಿ ಪದ್ಧತಿಯೂ ಅದಕ್ಕೆ ಅನುಕೂಲವಾಗಿತ್ತು. ಹೆಸರು ಕೂಗಿದಾಗ ಮಗು ಎದ್ದು ನಿಂತು "ಬಂದಿದೀನಿ" ಅನ್ನಬೇಕು. ದನಿ ಬಂದರೆ ಮಾತ್ರ ಹಾಜರಿ. ಬೇರೆ ದಿನಗಳಲ್ಲಿ ನಾನು ಅವಳ ಮುಖ ನೋಡಿ ಗುರುತು ಹಾಕಿಕೊಳ್ಳುತ್ತಿದ್ದೆ. ಆ ದಿನ ಹೆಸರು ಕೂಗಿದೆ, ದನಿ ಬರಲಿಲ್ಲ, 'ಗೈರು' ಎಂದು ಬರೆದೆ. ಮಗು ಗೋಡೆಯ ಆಚೆ ಕೂತಿರುವುದು ಗೊತ್ತಿದ್ದೂ ಬರೆದೆ. ಅದು ನನ್ನ ಕೈಬರಹ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ.

ಹನ್ನೊಂದೂವರೆಗೆ ಇನ್ಸ್‌ಪೆಕ್ಟರು ಹಾಜರಿ ಪುಸ್ತಕ ತೆಗೆದುಕೊಂಡು ತಲೆ ಎಣಿಸಿದರು. ಪುಸ್ತಕದಲ್ಲಿ ಇಪ್ಪತ್ತೆಂಟು, ಎದುರಿಗೂ ಇಪ್ಪತ್ತೆಂಟು. "ಸರಿಯಾಗಿದೆ" ಎಂದು ಸಹಿ ಮಾಡಿದರು. ಆಮೇಲೆ ಆಯಮ್ಮ ಮಕ್ಕಳಿಗೆ ಹುರಿಹಿಟ್ಟಿನ ಗಂಜಿ ತಂದು ಹಂಚಿದಳು. ಹಂಚಿ ಮುಗಿದ ಮೇಲೆ ತಟ್ಟೆ ಹಿಡಿದು ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಒಂದು ಲೋಟ ಮಿಕ್ತು ಕಣಮ್ಮ."

"ಅದು ಒಳಗಿರೋ ಮಗೂದು."

"ಅದುನ್ನ ನೀವು ಇಲ್ಲಿಗೆ ಕರ್ಕಂಡಿಲ್ವಾ? ಒಳ್ಗಿಲ್ಲ. ಸದ್ದಾಗ್ತಿದ್ದಂಗೆ ಮೂಲೇಲಿ ಕಾಣ್ನಿಲ್ಲ, ನಿಮ್ಮತ್ರ ಓಡಿ ಬಂದದೆ ಅಂತ ಸುಮ್ಕಾದೆ."

ನಾವಿಬ್ಬರೂ ಅಡಿಗೆಮನೆಗೆ ಹೋದೆವು. ನೋಟುಪುಸ್ತಕದಲ್ಲಿ ಅವಳ ಪುಟ ನನಗೆ ಬಾಯಿಪಾಠವಿತ್ತು. ಹೆದರಿದರೆ ಹೋಗುವ ಜಾಗಗಳು: ಬೀಸುವ ಕಲ್ಲಿನ ಹಿಂದೆ, ಕದದ ಸಂದಿ, ಕವುಚಿಟ್ಟ ಮಂಕರಿಬುಟ್ಟಿಯ ಅಡಿ. ಅಂತೂ ಇಕ್ಕಟ್ಟಾಗಿ ಕತ್ತಲಾಗಿರಬೇಕು. ಮೂರೂ ಕಡೆ ಇರಲಿಲ್ಲ. ಹಿತ್ತಿಲ ಬಾಗಿಲ ಅಗಳಿ ತೆಗೆದಿತ್ತು. ಸೌದೆ ತರಲು ತೆಗೆದವಳು ಮತ್ತೆ ಹಾಕುವುದನ್ನು ಮರೆತೆ ಎಂದು ಆಯಮ್ಮ ಹಣೆ ಬಡಿದುಕೊಂಡಳು. ಹಿತ್ತಿಲಲ್ಲಿ ಯಾರೂ ಇರಲಿಲ್ಲ. ಆಳುಗಳು ಊಟಕ್ಕೆ ಹೋಗಿದ್ದರು. ಹಗೇವಿನ ಬಾಯಿಗೆ ಮುಚ್ಚಿದ್ದ ಕುಕ್ಕೆ ಒಂದು ಪಕ್ಕಕ್ಕೆ ಸರಿದಿತ್ತು. ಬಿದಿರೇಣಿಯ ಎರಡು ತುದಿಗಳು ಹೊರಗೆ ಕಾಣುತ್ತಿದ್ದವು.

ನಾನು ಬಾಯಿಯ ಹತ್ತಿರ ಮಂಡಿಯೂರಿ ಒಳಗೆ ನೋಡಿದೆ. ಹೊರಗಿನ ಬಿಸಿಲಿಗೆ ಕಣ್ಣಿಗೆ ಕತ್ತಲೆ ಕವಿದು ಏನೂ ಕಾಣಲಿಲ್ಲ. ಹಳೆಯ ರಾಗಿಯ ಮುಗ್ಗಲು ವಾಸನೆ, ಬೆಚ್ಚಗೆ, ಮುಖಕ್ಕೆ ಹೊಡೆಯಿತು. ಏಣಿಗೆ ಕಾಲಿಡಲು ಸೀರೆ ಎತ್ತಿ ಕಟ್ಟಿದೆ. ಆಯಮ್ಮನ ಕೂಗಿಗೆ ಓಡಿ ಬಂದ ಒಬ್ಬ ಮುದುಕ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದ. ಮದ್ದೂರಿನ ಸುತ್ತ ಹಗೇವು ತೆಗೆಯುವುದರಲ್ಲಿ ಅವನದೇ ಕೈ ಎಂದು ಹೆಸರು. ಆ ಮನೆಯ ರಾಗಿ ಎತ್ತಿಸುತ್ತಿದ್ದವನೂ ಅವನೇ.

"ಯಾರೂ ಇಳೀಬ್ಯಾಡಿ" ಅಂದ. "ಮೊದ್ಲು ದೀಪ ಇಳೀಲಿ."

ಹಗೇವು ತೆಗೆದ ದಿನ ಮಾತ್ರವಲ್ಲ, ಪ್ರತಿದಿನವೂ ಮೊದಲು ದೀಪವನ್ನೇ ಇಳಿಸುವುದು ಅವರ ಪದ್ಧತಿ. ಮುಚ್ಚಿಟ್ಟ ಗುಂಡಿಯ ತಳದಲ್ಲಿ ಗಾಳಿ ಕೆಡುತ್ತದೆ. ದೀಪ ಉರಿಯುವವರೆಗೆ ಮನುಷ್ಯ ಇಳಿಯಬಹುದು, ಆರಿದ ಕಡೆ ಇಳಿದವನು ಮೇಲೆ ಬರುವುದಿಲ್ಲ. ಆರಿದರೆ ಹಸಿ ಹೊಂಗೆಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಕೆಳಗೂ ಮೇಲೂ ಆಡಿಸಿ ಗಾಳಿ ಕಲಕುತ್ತಾರೆ. ಆ ಬೆಳಿಗ್ಗೆ ಏಣಿ ಇಳಿಸಿದ್ದರು. ಕೊಂಬೆ ಆಡಿಸುವುದನ್ನು ಊಟವಾದ ಮೇಲೆ ಎಂದು ಇಟ್ಟುಕೊಂಡಿದ್ದರು.

ಮುದುಕ ಸೀಮೆಎಣ್ಣೆಯ ಬುಡ್ಡಿ ಹೊತ್ತಿಸಿ ಹಗ್ಗ ಕಟ್ಟಿ ನಿಧಾನವಾಗಿ ಬಿಟ್ಟ. ಬೆಳಕು ಗುಂಡಿಯ ಕೊರಳು ದಾಟಿತು. ಮೊದಲು ಕೂದಲು ಕಂಡಿತು, ಆಮೇಲೆ ಏಣಿಯನ್ನು ಅಪ್ಪಿ ಹಿಡಿದ ಒಂದು ಕೈ. ಇನ್ನೊಂದು ಕೈ ಮುಷ್ಟಿ ಕಟ್ಟಿತ್ತು. ನಮ್ಮ ಕೈಗೆ ಎಟುಕದಷ್ಟು ಕೆಳಗೆ, ಏಣಿಯ ನಡುವೆ, ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಬುಡ್ಡಿ ಅವಳ ಸೊಂಟ ದಾಟಿತು, ಪಾದ ದಾಟಿತು. ಪಾದದಿಂದ ಒಂದು ಗೇಣು ಕೆಳಗೆ ಹೋಗುತ್ತಿದ್ದಂತೆ ಕುಡಿ ಕೆಂಪಗಾಯಿತು, ಮಲಗಿತು, ಆರಿತು.

ಒಂದು ಗೇಣು.

"ತಳದಲ್ಲಿ ಗಾಳಿ ಸತ್ತದೆ ಕಣವ್ವ" ಅಂದ ಮುದುಕ, ಬಹಳ ಮೆಲ್ಲಗೆ. "ಕೂಸು ಅಲ್ಲೇ ನಿಂತ್ರೆ ಉಳೀತದೆ. ಇನ್ನೆರಡು ಮೆಟ್ಲು ಇಳುದ್ರೆ ನಾವೇನೂ ಮಾಡಕಾಗಾಕಿಲ್ಲ."

ನೀನೇ ಇಳಿದು ಎತ್ತಿಕೋ ತಾತ ಎಂದೆ. ಬಾಯಿ ಕಿರಿದು, ತಾನು ಕಾಲಿಟ್ಟರೆ ಬೆಳಕೂ ಹೋಗುತ್ತದೆ, ಮಗು ಹೆದರಿ ಕೆಳಗೇ ಸರಿಯುತ್ತದೆ ಎಂದ. ಕೈಗೆ ಸಿಗುವಷ್ಟು ಮೇಲಕ್ಕೆ ಬಂದರೆ ತನ್ನ ಕೆಲಸ, ಅಲ್ಲಿಯವರೆಗೆ ನಿಮ್ಮದು ಎಂದ. ಕೊಂಬೆಯನ್ನು ಅವಳ ಮೈಮೇಲೆ ಆಡಿಸುವಂತೆಯೂ ಇರಲಿಲ್ಲ.

ಅಷ್ಟರಲ್ಲಿ ಮನೆಯವರು, ದಾರಿಯವರು, ಕಾರ್ಯದರ್ಶಿಗಳು, ಇನ್ಸ್‌ಪೆಕ್ಟರು ಎಲ್ಲರೂ ಹಿತ್ತಿಲಲ್ಲಿ ಸೇರಿದ್ದರು. ಹತ್ತು ಬಾಯಿ ಒಟ್ಟಿಗೆ ಅವಳ ಹೆಸರು ಕೂಗುತ್ತಿದ್ದವು. ಇನ್ಸ್‌ಪೆಕ್ಟರು ಬಗ್ಗಿ, "ಏ ಹುಡುಗಿ, ಹತ್ತು ಮೇಲೆ" ಎಂದು ಗುಡುಗಿದರು. ಅವರ ಕೈಯಲ್ಲಿ ಗಡಿಯಾರ ಹಾಗೇ ಇತ್ತು. ಏಣಿ ಸಣ್ಣಗೆ ಕಿರುಗುಟ್ಟಿತು. ಮುದುಕ ಇನ್ನೊಂದು ಬುಡ್ಡಿ ಬಿಟ್ಟು ನೋಡಿ ನನ್ನ ಮುಖ ನೋಡಿದ. ಅವಳು ಒಂದು ಮೆಟ್ಟಿಲು ಇಳಿದಿದ್ದಳು.

ನನಗೆ ಆಗ ಪುಟ ನೆನಪಾಯಿತು. ನಾಲ್ಕನೆಯ ಪ್ರಶ್ನೆಯ ಕೆಳಗೆ ಹನಕೆರೆಯ ಕುಲುಕಾಟದಲ್ಲಿ ನಾನೇ ಬರೆದ ಸಾಲು: 'ಕರೆದರೆ ಇನ್ನೂ ಒಳಗೆ ಹೋಗುತ್ತಾಳೆ.' ಅದರ ಕೆಳಗೆ ಐದನೆಯದು: 'ಪಕ್ಕದಲ್ಲಿ ಕೂತು, ಅವಳನ್ನು ನೋಡದೆ, ಅಳಗುಳಿಮಣೆ ಆಡಿದರೆ ತಾನೇ ಬರುತ್ತಾಳೆ. ಒಂದು ಗುಳಿಯಲ್ಲಿ ಬೀಜ ಕಡಿಮೆಯಿದ್ದರೆ ಸಹಿಸುವುದಿಲ್ಲ, ತುಂಬುತ್ತಾಳೆ. ಒಂದು ಹುಣಸೆಬೀಜ ಯಾವಾಗಲೂ ಮುಷ್ಟಿಯಲ್ಲಿ.'

ನಾನು ಎದ್ದು ಇನ್ಸ್‌ಪೆಕ್ಟರ ಎದುರು ನಿಂತೆ.

"ಸುಮ್ಮನಿರಿ ಸಾರ್. ಎಲ್ಲರನ್ನೂ ಕರೆದುಕೊಂಡು ಮುಂದಿನ ಅಂಗಳಕ್ಕೆ ಹೋಗಿ. ಇಲ್ಲಿ ಉಸಿರಿನ ಸದ್ದೂ ಆಗಬಾರದು."

ಅವರ ಮುಖ ಕೆಂಪಾಯಿತು. ಕಾರ್ಯದರ್ಶಿಗಳು, ಇವಳಿಗೇನು ತಲೆ ಕೆಟ್ಟಿದೆಯೇ ಎಂದರು. ಜನ ಕದಲಲಿಲ್ಲ. ಕೊನೆಗೆ ಜನರನ್ನು ಅಟ್ಟಿದವಳು ಆಯಮ್ಮ. "ನಡೀರ್ಲಾ, ಎಣ ನೋಡಕೆ ಬಂದಂಗೆ ನಿಂತವ್ರೆ" ಎಂದು ಹಲ್ಲು ಕಚ್ಚಿ ಪಿಸುಗುಟ್ಟುತ್ತಾ ಒಬ್ಬೊಬ್ಬರನ್ನೇ ಬಾಗಿಲ ಆಚೆ ನೂಕಿದಳು. ಇನ್ಸ್‌ಪೆಕ್ಟರು ತಾವಾಗಿಯೇ ನಡೆದರು, ಹೊಸಿಲ ಆಚೆ ನಿಂತರು.

ಆಯಮ್ಮ ಅಳಗುಳಿಮಣೆಯನ್ನೂ ಬೀಜದ ಡಬ್ಬಿಯನ್ನೂ ತಂದಳು. ಮುದುಕ ಗುಂಡಿಯ ಅಂಚಿನಲ್ಲಿ ಬೋರಲು ಮಲಗಿ ಒಂದು ಕೈಯನ್ನು ಅದರ ಬಾಯಿಯ ಪಕ್ಕಕ್ಕೆ ಇಟ್ಟುಕೊಂಡ. ನಾನು ಎದುರಿಗೆ ಕೂತು ಮೊದಲನೆಯ ಗುಳಿಗೆ ಬೀಜ ಹಾಕಿದೆ. ಒಂದು, ಎರಡು, ಮೂರು, ನಾಲ್ಕು. ಮರದ ಮೇಲೆ ಬೀಜ ಬಿದ್ದರೆ ಒಂದು ಒಣ ಸದ್ದು. ಎರಡನೆಯ ಗುಳಿ, ಮೂರನೆಯದು. ಸಾಲಿನ ಕೊನೆಯ, ಏಳನೆಯ ಗುಳಿಗೆ ಮೂರೇ ಹಾಕಿ ನಿಲ್ಲಿಸಿ ಕಾದೆ.

ಏನೂ ಆಗಲಿಲ್ಲ. ಏಣಿ ಕದಲಲಿಲ್ಲ.

ಎಲ್ಲವನ್ನೂ ಮಡಿಲಿಗೆ ಸುರಿದುಕೊಂಡು ಮತ್ತೆ ಮೊದಲಿನಿಂದ ಹಾಕಿದೆ. ಮತ್ತೆ ಮೂರಕ್ಕೆ ನಿಂತೆ. ಮುದುಕ ತಲೆ ಅಲ್ಲಾಡಿಸಿದ, ಇಲ್ಲ ಎಂದು. ಅವನ ಹಣೆಯ ಬೆವರು ಮೂಗಿನಿಂದ ಗುಂಡಿಯ ಅಂಚಿಗೆ ಬೀಳುತ್ತಿತ್ತು. ಒಂದು ಬೀಜ ಮಣೆಯ ಹೊರಗೆ ಬಿತ್ತು. ಬಾಯಿಪಾಠವಿದ್ದ ಪುಟದಲ್ಲಿ ನಾನು ಏನನ್ನು ಬಿಟ್ಟಿದ್ದೆ? 'ಅವಳನ್ನು ನೋಡದೆ.' ನಾನು ಅಷ್ಟು ಹೊತ್ತೂ ಕಣ್ಣು ಮಿಟುಕಿಸದೆ ಗುಂಡಿಯೊಳಗೆ ನೋಡುತ್ತಿದ್ದೆ. ಮೇಲಿನ ಬೆಳಕಿನ ಬಿಲ್ಲೆಗೆ ನನ್ನ ತಲೆ ಅಡ್ಡವಾಗಿತ್ತು. ಕೆಳಗಿನಿಂದ ಅವಳಿಗೆ ಕಾಣುತ್ತಿದ್ದದ್ದು ತನ್ನನ್ನೇ ದಿಟ್ಟಿಸುವ ಒಂದು ಕಪ್ಪು ತಲೆ.

ಬೆನ್ನು ತಿರುಗಿಸಬೇಕಾಗಿತ್ತು. ನನ್ನ ಜೀವನದಲ್ಲಿ ಅಷ್ಟು ಕಷ್ಟವಾದ ಕೆಲಸ ಇನ್ನೊಂದಿಲ್ಲ. ನೋಡುತ್ತಿರುವಷ್ಟು ಹೊತ್ತು ಅವಳು ಬೀಳುವುದಿಲ್ಲ ಎಂಬ ಮೂಢ ನಂಬಿಕೆಯೊಂದು ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಮುದುಕನಿಗೆ ಕಣ್ಣಿನಲ್ಲೇ ಹೇಳಿ, ಮಣೆಯನ್ನು ಆ ಕಡೆಗೆ ತಿರುಗಿಸಿ, ಹಗೇವಿಗೆ ಬೆನ್ನು ಹಾಕಿ ಕೂತೆ. ನನ್ನೆದುರು ಹಿತ್ತಿಲ ಗೋಡೆ, ಗೋಡೆಯ ಮೇಲೆ ಒಣಗಲು ಹಾಕಿದ ಬೆರಣಿ. ಅವುಗಳನ್ನು ನೋಡುತ್ತಾ ಬೀಜ ಹಾಕಿದೆ. ಅವಸರ ಮಾಡಲಿಲ್ಲ. ಆರು ಗುಳಿಗೆ ನಾಲ್ಕು ನಾಲ್ಕು. ಏಳನೆಯದಕ್ಕೆ ಒಂದು, ಎರಡು, ಮೂರು.

ಏಣಿ ಕಿರುಗುಟ್ಟಿತು. ಮೇಲಕ್ಕೋ ಕೆಳಕ್ಕೋ ನನಗೆ ತಿಳಿಯಲಿಲ್ಲ. ತಿರುಗಲಿಲ್ಲ. ಮತ್ತೊಂದು ಸಲ ಕಿರುಗುಟ್ಟಿತು. ಮುದುಕನ ಬಟ್ಟೆ ಸರಿದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ನಾನು ಬೆರಣಿಗಳನ್ನು ಎಣಿಸಿದೆ, ಎಣಿಕೆ ತಪ್ಪಿತು, ಮತ್ತೆ ಎಣಿಸಿದೆ.

ನನ್ನ ತೋಳಿನ ಪಕ್ಕದಿಂದ, ಮೊಣಕೈವರೆಗೆ ರಾಗಿಯ ಧೂಳು ಮೆತ್ತಿದ ಒಂದು ಸಣ್ಣ ಕೈ ಮುಂದೆ ಬಂತು. ಮುಷ್ಟಿ ಬಿಚ್ಚಿತು. ಏಳನೆಯ ಗುಳಿಗೆ ನಾಲ್ಕನೆಯ ಬೀಜ ಬಿತ್ತು. ಬೆವರಿಗೆ ಒದ್ದೆಯಾದ ಬೀಜ. ಅದರ ಸದ್ದು ಬೇರೆ ಥರ ಇತ್ತು.

ಮುದುಕ ಅವಳನ್ನು ಹಿಡಿಯಲೇ ಇಲ್ಲ. ಅವಳು ನನ್ನ ಪಕ್ಕಕ್ಕೆ ಬಂದು ಕೂರುವವರೆಗೆ ಹಾಗೇ ಮಲಗಿದ್ದು, ಆಮೇಲೆ ಎದ್ದು ಏಣಿ ಎಳೆದು, ಚಪ್ಪಡಿಯನ್ನು ಒಬ್ಬನೇ ನೂಕಿ ಬಾಯಿ ಮುಚ್ಚಿದ. ಮುಚ್ಚಿದ ಮೇಲೆ ಅದರ ಮೇಲೆ ಕೂತು ಅತ್ತ. ಹೊಸಿಲಲ್ಲಿದ್ದ ಇನ್ಸ್‌ಪೆಕ್ಟರು ಗಡಿಯಾರ ನೋಡಿಕೊಂಡರು. ಹನ್ನೆರಡೂ ಕಾಲು ಎಂದು ಆಮೇಲೆ ಅವರ ವರದಿಯಿಂದ ತಿಳಿಯಿತು.

ಅವಳ ತಾಯಿ ಬಂದಾಗ ನಾನು ನಡೆದದ್ದನ್ನೆಲ್ಲ ಹೇಳಿದೆ, ಗೈರು ಹಾಕಿದ್ದನ್ನೂ ಹೇಳಿದೆ. ಅವಳು ಕೂಗಾಡಲಿಲ್ಲ. ಮಗುವಿನ ಕೈಯ ಧೂಳನ್ನು ಸೆರಗಿನಿಂದ ಒರೆಸುತ್ತಾ ಕೇಳಿದಳು.

"ನೀವು ಓದಿರೋರು. ನನ್ನ ಮಗಳ್ನ ಯಾಕವ್ವ ಮರೆ ಮಾಡುದ್ರಿ?"

ಸೆರಗು ಕೊಡವಿ ಅವಳೇ ಹೇಳಿದಳು: "ನಾಳಿಂದ ಮುಂದ್ಲ ಸಾಲಲ್ಲಿ ಕೂರ್ಸಿ."

ಮುಂದಿನ ಸಾಲು ಇರಲಿ, ಅವಳಿಗೆ ಶಾಲೆಯಲ್ಲೇ ಜಾಗವಿಲ್ಲ ಎಂಬ ಮಾತು ಅದೇ ವಾರ ಎದ್ದಿತು. ಇಂಥ ಮಗು ಸಮಿತಿಗೆ ದೊಡ್ಡ ಹೊಣೆ, ಹೆಸರು ತೆಗೆದುಬಿಡೋಣ, ಪುಸ್ತಕದಲ್ಲಿ ಹೇಗೂ ಆ ದಿನ ಗೈರು ಇದೆಯಲ್ಲ, ವಿಷಯ ಅಲ್ಲಿಗೇ ಮುಗಿಯಲಿ ಎಂದು ಕಾರ್ಯದರ್ಶಿಗಳು ಹೇಳಿ ಕಳಿಸಿದರು. ನಾನು ಆ ರಾತ್ರಿಯಿಂದಲೇ ನಿದ್ದೆ ಕಳೆದುಕೊಂಡಿದ್ದೆ. ಕಣ್ಣು ಮುಚ್ಚಿದರೆ ಬುಡ್ಡಿ ಇಳಿಯುತ್ತಿತ್ತು, ಪಾದ ದಾಟುತ್ತಿತ್ತು, ಕುಡಿ ಕೆಂಪಗಾಗಿ ಮಲಗುತ್ತಿತ್ತು. ಆರಿದ ಕ್ಷಣಕ್ಕೆ ಎದ್ದು ಕೂರುತ್ತಿದ್ದೆ. ಸೀಮೆಎಣ್ಣೆಗೆ ಪಡಿಚೀಟಿಯ ಕಾಲ. ಆದರೂ ತಲೆದೆಸೆಯಲ್ಲಿ ಒಂದು ದೀಪ ಉರಿಸಿಕೊಂಡೇ ಮಲಗುತ್ತೇನೆಂದು ಅಮ್ಮನನ್ನು ಬೇಡಿದೆ. ಅಮ್ಮ ಬೇರೇನೂ ಕೇಳದೆ ಅಡಿಗೆಮನೆಯ ದೀಪವನ್ನು ನನಗೆ ಕೊಟ್ಟು, ತಾವು ಹೊತ್ತು ಮುಳುಗುವ ಮೊದಲೇ ಅಡಿಗೆ ಮುಗಿಸತೊಡಗಿದರು.

ಸಮಿತಿಯ ಸಭೆ ಮಂಡ್ಯದಲ್ಲಿ ನಡೆಯಿತು. ನಾನು ಎರಡು ಕಾಗದ ಬರೆದುಕೊಂಡು ಹೋದೆ. ಒಂದು, ಆ ದಿನದ ವರದಿ. ಹಾಜರಿ ಪುಸ್ತಕದಲ್ಲಿ ಸುಳ್ಳು ಬರೆದವಳು ನಾನೇ ಎಂಬುದು ಅದರ ಮೊದಲ ವಾಕ್ಯ. ಇನ್ನೊಂದು, ಎಲ್ಲ ಮಕ್ಕಳಿಗೂ ಆ ಐದು ಪ್ರಶ್ನೆಗಳ ಪುಟ ಇಡಬೇಕು, ತಪಾಸಣೆಯವರು ಮಗ್ಗಿ ಕೇಳುವ ಮೊದಲು ಅದನ್ನು ಓದಬೇಕು ಎಂಬ ಮನವಿ. ಎರಡನೆಯದನ್ನು ಒಪ್ಪದಿದ್ದರೆ ಮೊದಲನೆಯದರ ಜೊತೆಗೆ ನನ್ನ ರಾಜೀನಾಮೆಯನ್ನೂ ತೆಗೆದುಕೊಳ್ಳಿ ಎಂದೆ. ಬೆದರಿಕೆಗೆಂದು ಹೇಳಿದ್ದಲ್ಲ, ಹಾಗೆ ಕೇಳಿಸಿದ್ದರೆ ತಪ್ಪೂ ಅಲ್ಲ.

ಕಾರ್ಯದರ್ಶಿಗಳು ವರದಿಯನ್ನು ಎರಡು ಸಲ ಓದಿದರು. "ನಾನು ಹೇಳಿದ್ದನ್ನ ನೀನು ಬರೆದೇ ಇಲ್ಲವಲ್ಲ" ಎಂದರು. ಬರೆದದ್ದು ನನ್ನ ಕೈ ಅಲ್ಲವೇ ಎಂದೆ. ಅವರು ಕಾಗದ ಮಡಿಸಿ ಕಿಟಕಿಯ ಕಡೆ ನೋಡಿದರು. ಹೆಸರು ತೆಗೆಯುವ ಮಾತು ಅಂದಿನಿಂದ ಅವರ ಬಾಯಲ್ಲಿ ಬರಲಿಲ್ಲ.

ನಿಜವಾದ ಆಕ್ಷೇಪ ಬಂದದ್ದು ಸಮಿತಿಯ ಡಾಕ್ಟರಿಂದ. "ಹೆದರುತ್ತಾಳೆ, ಅವಿತುಕೊಳ್ಳುತ್ತಾಳೆ ಅಂತ ಇವತ್ತು ಬರೀತೀರಿ. ನಾಳೆ ಮಾಧ್ಯಮಿಕ ಶಾಲೆಯವರು ಓದ್ತಾರೆ, ನಾಡಿದ್ದು ಗಂಡಿನ ಕಡೆಯವರು ಕೇಳ್ತಾರೆ. ಐದು ವರ್ಷದ ಮಗುವಿನ ಹೆದರಿಕೆಯನ್ನ ಮಸಿಯಲ್ಲಿ ಬರೆದಿಡೋಕೆ ನಿಮಗೇನು ಹಕ್ಕು?" ಅದಕ್ಕೆ ನಾನು ಸಿದ್ಧಳಾಗಿರಲಿಲ್ಲ. ಅವರ ಮಾತು ಸರಿಯಾಗಿತ್ತು. ಅಲ್ಲೇ ಕೂತು ಮನವಿಯನ್ನು ತಿದ್ದಿದೆ: ಪುಟವನ್ನು ಪೆನ್ಸಿಲಿನಲ್ಲಿ ಬರೆಯುವುದು, ಮೂರು ತಿಂಗಳಿಗೊಮ್ಮೆ ಅಳಿಸಿ ಹೊಸದಾಗಿ ನೋಡಿ ಬರೆಯುವುದು, ಮಗು ಶಾಲೆ ಬಿಟ್ಟ ದಿನ ತಾಯಿಯ ಕೈಗೆ ಕೊಟ್ಟುಬಿಡುವುದು.

ಇನ್ಸ್‌ಪೆಕ್ಟರನ್ನೂ ಸಭೆಗೆ ಕರೆದಿದ್ದರು. ಅವರು ಕೊನೆಗೆ ಒಂದೇ ಪ್ರಶ್ನೆ ಕೇಳಿದರು. ಇದು ನಿನ್ನ ಕಣ್ಣಿಗೆ ಕಂಡದ್ದು, ಇನ್ನೊಬ್ಬರು ನೋಡಿದರೆ ಇದೇ ಕಾಣುತ್ತದೆ ಎಂದು ಹೇಗೆ ಹೇಳುತ್ತೀ? ಮೂರು ತಿಂಗಳು ಇಬ್ಬರು ಬೇರೆ ಬೇರೆಯಾಗಿ ನೋಡಿ, ಒಬ್ಬರದನ್ನು ಇನ್ನೊಬ್ಬರು ಕಾಣದೆ ಬರೆದು ತೋರಿಸಿ, ಆಮೇಲೆ ಹೇಳುತ್ತೇನೆ ಎಂದರು. ಸಮಿತಿಯೂ ಅಲ್ಲಿಯವರೆಗೆ ಕಾಯಲು ಒಪ್ಪಿತು.

ಇನ್ನೊಬ್ಬರು ಎಂದರೆ ಆಯಮ್ಮ. ಅವಳಿಗೆ ಓದು ಬರಹ ಬಾರದು. ದಿನವೂ ಮಕ್ಕಳು ಹೋದ ಮೇಲೆ ಅವಳು ಬಾಯಲ್ಲಿ ಹೇಳುವುದು, ನಾನು ಬೇರೆ ಹಾಳೆಯಲ್ಲಿ ಅವಳ ಮಾತಿನಲ್ಲೇ ಬರೆಯುವುದು, ನನ್ನ ಪುಟವನ್ನು ಅದಕ್ಕೂ ಮೊದಲೇ ಮುಗಿಸಿ ಡಬ್ಬಿಯಲ್ಲಿ ಹಾಕಿ ಬೀಗ ಹಾಕಿಬಿಡುವುದು ಎಂದು ಗೊತ್ತುಮಾಡಿಕೊಂಡೆವು. ಮೊದಲ ವಾರ ಅವಳಿಗೆ ಇದು ತಮಾಷೆಯಾಗಿತ್ತು. ಎರಡನೆಯ ವಾರದಿಂದ ನನ್ನನ್ನು ತಿದ್ದತೊಡಗಿದಳು. ಸದಾ ಮೂಲೆಯಲ್ಲಿ ಕೂರುವ ಒಬ್ಬ ಹುಡುಗ ಹೆದರುತ್ತಾನೆಂದು ನಾನು ಮೂರು ಸಲ ಬರೆದಿದ್ದೆ. ಅವಳು ಹೇಳಿದ್ದು ಬೇರೆ: "ಅದು ಎದ್ರಿಲ್ಲ ಕಣಮ್ಮ, ಕ್ವಾಪ ಮಾಡ್ಕಂಡದೆ. ಅವರವ್ವ ಇನ್ನೊಂದು ಕೂಸು ಎತ್ತವ್ಳೆ, ಇದುನ್ನ ಇಲ್ಲಿಗೆ ತಂದು ಬುಟ್ಟವ್ಳೆ." ಅಂದಿನಿಂದ ಅವನಿಗೆ ಚಿಕ್ಕ ಮಕ್ಕಳ ಲೋಟ ಹಂಚುವ ಕೆಲಸ ಕೊಟ್ಟೆವು. ಮೂಲೆ ಖಾಲಿಯಾಯಿತು. ಕೆಲವು ಪುಟಗಳಲ್ಲಿ ನಾವಿಬ್ಬರೂ ಬರೆದದ್ದು ಕೊನೆಯವರೆಗೂ ಹೊಂದಲಿಲ್ಲ. ಹೊಂದದ್ದನ್ನು ಹಾಗೇ ಬಿಟ್ಟೆ. ಬಚ್ಚಿಟ್ಟು ಶುದ್ಧ ಮಾಡುವ ಕೆಲಸ ನನಗೆ ಸಾಕಾಗಿತ್ತು.

ಹಾಜರಿಯನ್ನೂ ಬದಲಿಸಿದೆವು. ಊರಿನ ಬಡಗಿಯಿಂದ ಇಪ್ಪತ್ತೊಂಬತ್ತು ಗುಳಿಗಳ ಒಂದು ಹಲಗೆ ಮಾಡಿಸಿ ಬಾಗಿಲ ಪಕ್ಕದಲ್ಲಿಟ್ಟೆ. ಬಂದ ಮಗು ತನ್ನ ಗುಳಿಗೆ ಒಂದು ಹುಣಸೆಬೀಜ ಹಾಕಬೇಕು, ಹೋಗುವಾಗ ತೆಗೆದುಕೊಳ್ಳಬೇಕು. ದನಿ ಬೇಕಿಲ್ಲ. ಮೊದಲ ದಿನ ಆ ಮಗು ತನ್ನ ಗುಳಿಗೆ ಬೀಜ ಹಾಕಿ, ಖಾಲಿಯಿದ್ದ ಇನ್ನೆರಡು ಗುಳಿಗಳನ್ನು ಬೆರಳಿನಿಂದ ಮುಟ್ಟಿ ನನ್ನ ಕಡೆ ತಿರುಗಿದಳು. ಆ ಇಬ್ಬರಿಗೂ ಅಂದು ಜ್ವರ. ಎರಡನೆಯ ದಿನದಿಂದ ಗೈರಾದವರನ್ನು ನನಗೆ ತೋರಿಸುವುದು ಅವಳ ಕೆಲಸವೇ ಆಯಿತು. ಅವಳು ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಮಾತು ಮಾತ್ರ ಇನ್ನೂ ಬಂದಿರಲಿಲ್ಲ.

ನನಗೆ ನಿದ್ದೆಯೂ ಬಂದಿರಲಿಲ್ಲ. ಹಗಲು ಗಟ್ಟಿಯಾಗಿದ್ದೆ. ರಾತ್ರಿ ಒಂದು ಗೇಣು ಕೆಳಗೆ ಕುಡಿ ಆರುತ್ತಿತ್ತು. ಬೆನ್ನು ತಿರುಗಿಸುವುದು ಇನ್ನೊಂದು ಸಲಕ್ಕೆ ಹೊಳೆಯದಿದ್ದರೆ ಎಂದು ಎಣಿಸುತ್ತಾ ಸೂರು ನೋಡುತ್ತಿದ್ದೆ.

ಮೂರು ತಿಂಗಳು ಕಳೆದ ಮೇಲೆ ಇನ್ಸ್‌ಪೆಕ್ಟರು ಬಂದರು. ನಾನು ಎರಡು ಕಟ್ಟು ಪುಟಗಳನ್ನು ಮೇಜಿನ ಮೇಲಿಟ್ಟೆ. ಅವರು ಮಕ್ಕಳನ್ನು ಕೂತಲ್ಲೇ ಆಡಲು ಬಿಟ್ಟು, ಒಂದು ಗಂಟೆಯ ಮೇಲೆ ಓದಿದರು. ಅಲ್ಲಲ್ಲಿ ನಗು ಬಂದಿತು ಅವರಿಗೆ. ಆಯಮ್ಮನ ಮಾತು ಹಾಗಿತ್ತು. ಗಡಿಯಾರವನ್ನು ಜೇಬಿನಿಂದ ತೆಗೆಯಲಿಲ್ಲ. ಓದಿ ಮುಗಿಸಿ ಎದ್ದಾಗ ಅವರ ಕೋಟಿನ ತುದಿ ತಗುಲಿ ರೂಲುದೊಣ್ಣೆ ನೆಲಕ್ಕೆ ಬಿತ್ತು. ಕಲ್ಲಿನ ನೆಲ, ದೊಡ್ಡ ಸದ್ದಾಯಿತು.

ಮುಂದಿನ ಸಾಲಿನಲ್ಲಿ ಒಂದು ಜಾಗ ಖಾಲಿ. ಕದದ ಸಂದಿಯಲ್ಲಿ ಲಂಗದ ಅಂಚು.

ನಾನು ಎದ್ದೆ. ಇನ್ಸ್‌ಪೆಕ್ಟರು ಕೈ ತೋರಿಸಿ ನನ್ನನ್ನು ಕೂರಿಸಿದರು. ಅಳಗುಳಿಮಣೆಯನ್ನು ತಾವೇ ಎತ್ತಿಕೊಂಡು ಹೋಗಿ, ಪೇಟ ತೆಗೆದು ಪಕ್ಕಕ್ಕಿಟ್ಟು, ಆ ದೊಡ್ಡ ಮೈಯನ್ನು ಕಷ್ಟಪಟ್ಟು ಬಗ್ಗಿಸಿ, ಕದಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕೂತರು. ಬೀಜ ಹಾಕತೊಡಗಿದರು. ಎಲ್ಲ ಮಕ್ಕಳೂ ಆಟ ಬಿಟ್ಟು ಅವರನ್ನೇ ನೋಡುತ್ತಿದ್ದರು. ಅವರು ಎಣಿಕೆ ತಪ್ಪಿ ಐದನೆಯ ಗುಳಿಗೆ ಎರಡೇ ಹಾಕಿ ಮುಂದೆ ಹೋಗಿಬಿಟ್ಟರು. ಕದ ಅಲುಗಿತು. ಅವಳು ಈಚೆ ಬಂದು, ಅವರ ಹೆಗಲ ಪಕ್ಕದಿಂದ 'ಇದೇನಿದು' ಎನ್ನುವ ಮುಖ ಮಾಡಿಕೊಂಡು ನೋಡಿ, ಅವರ ಅಂಗೈಯಿಂದಲೇ ಎರಡು ಬೀಜ ತೆಗೆದು ಐದನೆಯ ಗುಳಿ ತುಂಬಿದಳು. ಆಮೇಲೆ ಎದುರಿಗೆ ಕೂತಳು. ಇಬ್ಬರೂ ಒಂದು ಆಟ ಆಡಿದರು. ಇನ್ಸ್‌ಪೆಕ್ಟರು ಸೋತರು.

ಹೊರಡುವ ಮುನ್ನ ಅವರು ಅವಳ ಪುಟವನ್ನು ಕೇಳಿ ಪಡೆದು, ಐದನೆಯ ಪ್ರಶ್ನೆಯ ಕೆಳಗೆ ಪೆನ್ಸಿಲಿನಲ್ಲೇ ಒಂದು ಸಾಲು ಬರೆದರು: 'ಯಾರು ಕೂತರೂ ಬರುತ್ತಾಳೆ, ಬೆನ್ನು ಕಾಣಬೇಕು ಅಷ್ಟೆ.' ವರದಿಯಲ್ಲಿ ಏನು ಬರೆಯುತ್ತೀರಿ ಎಂದು ನಾನು ಕೇಳಲಿಲ್ಲ. ವಾರದ ಮೇಲೆ ತಾಲ್ಲೂಕಿನ ಮಿಕ್ಕ ಎರಡು ಶಿಶುವಿಹಾರಗಳವರು ಪುಟದ ಮಾದರಿ ಕೇಳಿ ಕಾಗದ ಬರೆದರು. ಕಾರ್ಯದರ್ಶಿಗಳು ತಾವೇ ಕೂತು ನಕಲು ಮಾಡಿ ಕಳಿಸಿದರು.

ಇನ್ಸ್‌ಪೆಕ್ಟರು ಬಂದು ಹೋದ ಆ ಸಂಜೆ ರೈಲಿನಲ್ಲಿ ಹನಕೆರೆ ಬಂದದ್ದೂ ಹೋದದ್ದೂ ನನಗೆ ತಿಳಿಯಲಿಲ್ಲ. ಮಂಡ್ಯ ಬಂತೆಂದು ಎದುರಿಗೆ ಕೂತಿದ್ದ ಹೆಂಗಸು ಮೊಣಕಾಲು ತಟ್ಟಿ ಎಬ್ಬಿಸಿದಳು. ಮನೆಗೆ ಬಂದು, ಉಂಡು, ತಲೆದೆಸೆಯ ದೀಪ ಹೊತ್ತಿಸಿ ಮಲಗಿದೆ. ಎಚ್ಚರವಾದದ್ದು ಬೆಳಿಗ್ಗೆ ಸಕ್ಕರೆ ಕಾರ್ಖಾನೆಯ ಕೂಗಿಗೆ. ಕಿಟಕಿಯಲ್ಲಿ ಬೆಳಕಿತ್ತು. ಬುಡ್ಡಿ ಮುಟ್ಟಿ ನೋಡಿದೆ, ತಣ್ಣಗಿತ್ತು. ಎಣ್ಣೆ ತೀರಿ ರಾತ್ರಿ ಯಾವ ಹೊತ್ತಿನಲ್ಲಿ ಅದು ಆರಿತೋ, ನನಗೆ ಗೊತ್ತೇ ಆಗಿರಲಿಲ್ಲ.